ಹಿಂದಿರುಗಿ ಬಂದ ಒಡವೆ: ಮಾರಿದವರಿಗೆ ಕಾನೂನಿನ ಆಸರೆ ಎಲ್ಲಿದೆ?

ಒಡವೆಯ ವ್ಯಾಪಾರದಲ್ಲಿ ಹಿಂದಿನಿಂದಲೂ ಕೊಳ್ಳುವವರಿಗೂ ಮಾರುವವರಿಗೂ ನಡುವೆ ಎರಡು ಸಾಕ್ಷಿಗಳಿದ್ದವು: ಒಂದು ಒರೆಗಲ್ಲು, ಇನ್ನೊಂದು ತಕ್ಕಡಿ. ಇಬ್ಬರ ಕಣ್ಣೆದುರಿನಲ್ಲಿಯೇ ಒರೆ ಹಚ್ಚಿ, ತೂಗಿ, ಬೆಲೆ ಕಟ್ಟುತ್ತಿದ್ದರು. ಮನೆಗೆ ಹೋದ ಮೇಲೆ ತಕರಾರು ಬಂದರೂ ಅಂಗಡಿ ಅಲ್ಲಿಯೇ ಇರುತ್ತಿತ್ತು, ಅಂಗಡಿಯವರ ಮುಖವೂ ಪರಿಚಿತವಾಗಿರುತ್ತಿತ್ತು. ಈಗ ಕಾಮಯಗೌಂಡನ್‌ಪಟ್ಟಿಯ ಮನೆಯೊಂದರಲ್ಲಿ ಕಟ್ಟಿದ ಪೊಟ್ಟಣ ಆನ್‌ಲೈನ್ ಮಾರುಕಟ್ಟೆಯ ಮೂಲಕ ಗುವಾಹಟಿಗೋ ಜೈಪುರಕ್ಕೋ ಹೋಗುತ್ತದೆ. ಕೊಂಡವರು ಮಾರಿದವರನ್ನು ಕಂಡಿಲ್ಲ, ಮಾರಿದವರು ಕೊಂಡವರನ್ನು ಕಂಡಿಲ್ಲ. ನಡುವೆ ಇರುವ ಸಂಸ್ಥೆಯು ಇಬ್ಬರನ್ನೂ ಕಂಡಿಲ್ಲ, ಒಡವೆಯನ್ನೂ ಕಂಡಿಲ್ಲ.

ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕುಟುಂಬಗಳು ಬಹುಪಾಲು ಬೇಸಾಯವನ್ನು ನಂಬಿದವು. ದ್ರಾಕ್ಷಿಯ ಬೆಲೆ ಬಿದ್ದ ವರ್ಷವೂ ಮಕ್ಕಳ ಶಾಲೆಯ ಖರ್ಚು ನಿಲ್ಲುವುದಿಲ್ಲ. ಅಂಥ ಮನೆಯ ಹೆಣ್ಣುಮಗಳೊಬ್ಬಳು ಕೈಗೂಡಿದ ಸ್ವಲ್ಪ ಹಣದಲ್ಲಿ ಕವರಿಂಗ್ ಒಡವೆಯನ್ನೋ ಬೆಳ್ಳಿಯ ಸಾಮಾನನ್ನೋ ತರಿಸಿ ಮಾರುವುದು ಮೆಚ್ಚತಕ್ಕ ಪ್ರಯತ್ನ. ಆದರೆ ಈ ವ್ಯಾಪಾರದಲ್ಲಿ ಲಾಭವನ್ನು ಒಂದೇ ಏಟಿಗೆ ನುಂಗಬಲ್ಲ ಸಂಗತಿಯೊಂದಿದೆ. ಅದು ವಾಪಸು ಬರುವ ಮಾಲು.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಸೇಲಂನಿಂದ 60 ಗ್ರಾಂ ತೂಕದ ಒಂದು ಜೊತೆಯನ್ನು ತರಿಸಿ, ಆನ್‌ಲೈನ್‌ನಲ್ಲಿ ಮಾರಿ ಕಳುಹಿಸಲಾಯಿತು. ವಾರದ ನಂತರ ‘ವಸ್ತು ವಿವರಣೆಯಂತಿಲ್ಲ’ ಎಂಬ ಕಾರಣದೊಂದಿಗೆ ಅದು ವಾಪಸು ಬಂತು. ಪೊಟ್ಟಣ ಬಿಚ್ಚಿದರೆ ಒಳಗಿರುವುದು ಹಗುರವಾದ, ಬೆಳ್ಳಿಯೇ ಅಲ್ಲದ ಬೇರೊಂದು ಜೊತೆ. ಅಷ್ಟರಲ್ಲಿ ಮಾರುಕಟ್ಟೆ ಸಂಸ್ಥೆ ಕೊಂಡವರಿಗೆ ಹಣ ಹಿಂದಿರುಗಿಸಿ, ಆ ಮೊತ್ತವನ್ನು ಮಾರಿದವರ ಖಾತೆಯಿಂದ ಕಡಿತಮಾಡಿರುತ್ತದೆ. ‘ಕೊಂಡವರಿಗೆ ಇಷ್ಟೊಂದು ಕಾನೂನುಗಳಿವೆಯಲ್ಲ, ಮಾರಿದವಳಿಗೆ ಒಂದೂ ಇಲ್ಲವೇ?’ ಎಂದು ಆಕೆ ಕೇಳುವುದು ಸಹಜ.

ಉತ್ತರ ಹೇಳುವ ಮೊದಲು ಕೊಂಡವರ ಹಕ್ಕು ಏನೆಂಬುದನ್ನು ಸರಿಯಾಗಿ ತಿಳಿಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರ ಬೆನ್ನಿಗೇ ಜುಲೈ 23ರಂದು ಇ-ವಾಣಿಜ್ಯ ನಿಯಮಗಳು ಪ್ರಕಟವಾದವು. ಆ ನಿಯಮಗಳ 6ನೆಯ ನಿಯಮದ ಪ್ರಕಾರ, ಮಾಲು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದಕ್ಕಿಲ್ಲದಿದ್ದರೆ ಮಾರಿದವರು ಅದನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಹಣ ಹಿಂದಿರುಗಿಸಲೂ ನಿರಾಕರಿಸುವಂತಿಲ್ಲ. ‘ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚುಹಾಕಿಸಿದರೂ ದೋಷವಿರುವ ಮಾಲಿನ ವಿಷಯದಲ್ಲಿ ಆ ಸಾಲಿಗೆ ಬೆಲೆಯಿಲ್ಲ.

ಈ ಹೊಣೆ ಮಾರುಕಟ್ಟೆ ಸಂಸ್ಥೆಯದೆಂದು ಭಾವಿಸಿ ನಿಶ್ಚಿಂತರಾಗುವುದೂ ತಪ್ಪು. ಸಂಸ್ಥೆಯು ತಾನು ಮಧ್ಯವರ್ತಿ ಮಾತ್ರ ಎಂದು ಹೇಳುತ್ತದೆ, ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಪ್ರಕರಣವು ಷರತ್ತುಗಳಿಗೊಳಪಟ್ಟು ಆ ವಾದಕ್ಕೆ ರಕ್ಷಣೆ ಕೊಡುತ್ತದೆ. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಸ್ನ್ಯಾಪ್‌ಡೀಲ್ ಪ್ರಕರಣದಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಅದು ಔಷಧಿ ಮಾರಾಟದ ಪ್ರಕರಣವಾದರೂ ಅದರ ಪಾಠ ಎಲ್ಲರಿಗೂ ಒಂದೇ: ಮಾಲಿನ ಬಗೆಗಿನ ಹೊಣೆ ಮೊದಲು ಬೀಳುವುದು ಮಾರಿದವರ ಹೆಗಲ ಮೇಲೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ದೋಷವಿರುವ ಮಾಲನ್ನು ವಾಪಸು ಪಡೆಯುವುದು ಕಾನೂನಿನ ಕಟ್ಟಳೆ. ಮನಸ್ಸು ಬದಲಾಯಿತೆಂದು ಒಳ್ಳೆಯ ಮಾಲನ್ನು ಹಿಂದಿರುಗಿಸುವ ಹಕ್ಕು ಹಾಗಲ್ಲ. ಯುರೋಪಿನ ಒಕ್ಕೂಟದಲ್ಲಿ ದೂರದಿಂದ ಕೊಂಡವರಿಗೆ ಕಾರಣ ಹೇಳದೆ 14 ದಿನಗಳೊಳಗೆ ಖರೀದಿಯಿಂದ ಹಿಂದೆ ಸರಿಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ನಮ್ಮ ದೇಶದಲ್ಲಿ ಅಂಥ ಸಾಮಾನ್ಯ ಹಕ್ಕು ಕಾಯ್ದೆಯಲ್ಲಿಲ್ಲ. ಅದು ಬರುವುದು ಮಾರುಕಟ್ಟೆ ಸಂಸ್ಥೆಯ ಕರಾರಿನಿಂದ. ಆ ಕರಾರಿಗೆ ನಾವು ಒಪ್ಪಿಗೆ ಕೊಟ್ಟಿರುವುದು ಖಾತೆ ತೆರೆಯುವಾಗ ಪರದೆಯ ಮೇಲೆ ಒತ್ತಿದ ಒಂದೇ ಗುಂಡಿಯಿಂದ. ಬಹಳ ಮನೆಗಳಲ್ಲಿ ಆ ಗುಂಡಿಯನ್ನು ಒತ್ತುವವರು ಇಂಗ್ಲಿಷ್ ಓದಬಲ್ಲ ಮಕ್ಕಳು. ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲವೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಆದ್ದರಿಂದ ಖಾತೆ ಹಿರಿಯರ ಹೆಸರಿನಲ್ಲಿರಲಿ. ಮಕ್ಕಳು ಷರತ್ತುಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಲಿ, ಒಪ್ಪುವ ತೀರ್ಮಾನ ಹಿರಿಯರದಾಗಲಿ. ವಾಪಸಿನ ಅವಧಿ ಎಷ್ಟು, ಯಾವ ಕಾರಣಗಳಿಗೆ ವಾಪಸು, ಮಾಲು ಬದಲಾಗಿ ಬಂದರೆ ಎಷ್ಟು ದಿನದೊಳಗೆ ದೂರಬೇಕು, ವ್ಯಾಜ್ಯವಾದರೆ ಯಾವ ಊರಿನ ನ್ಯಾಯಾಲಯ: ಈ ನಾಲ್ಕನ್ನಾದರೂ ಬರೆದಿಟ್ಟುಕೊಳ್ಳಬೇಕು.

ಈಗ ಕಾಲ್ಗೆಜ್ಜೆಯ ಪ್ರಶ್ನೆಗೆ ಬರೋಣ. ಯಾವ ಸಂಗತಿಯನ್ನು ಯಾರು ಹೇಳುತ್ತಾರೋ ಅದನ್ನು ರುಜುವಾತುಪಡಿಸುವ ಭಾರ ಅವರದೇ. ಇದು ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿಯೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೆಯ ಪ್ರಕರಣದಲ್ಲಿಯೂ ಇದೆ. ‘ನಾನು ಕಳುಹಿಸಿದ್ದು ಬೇರೆ, ಬಂದದ್ದು ಬೇರೆ’ ಎಂಬುದು ಮಾರಿದವರ ಮಾತು. ಹಾಗಾಗಿ ಎರಡು ಸಂಗತಿಗಳನ್ನು ಅವರೇ ತೋರಿಸಬೇಕು: ಕಳುಹಿಸಿದ್ದು ಯಾವುದು, ಬಂದದ್ದು ಯಾವುದು. ಎರಡರಲ್ಲಿ ಒಂದು ಇಲ್ಲದಿದ್ದರೂ ದಾವೆ ನಿಲ್ಲುವುದಿಲ್ಲ. ಒಡವೆಯ ವ್ಯಾಜ್ಯ ನ್ಯಾಯಾಲಯದಲ್ಲಿ ಗೆಲ್ಲುವುದೋ ಸೋಲುವುದೋ ಎಂಬುದು ಪೊಟ್ಟಣ ಕಟ್ಟುವ ಹೊತ್ತಿನಲ್ಲಿಯೇ ಬಹುಪಾಲು ನಿರ್ಧಾರವಾಗಿರುತ್ತದೆ.

ನಮ್ಮ ಪಕ್ಕದ ಬೋಡಿನಾಯಕನೂರಿನ ಏಲಕ್ಕಿ ಹರಾಜನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಪ್ರತಿಯೊಂದು ಲಾಟಿನ ಮಾದರಿಯನ್ನು ಕೊಳ್ಳುವವರು ನೋಡಿದ ಮೇಲೆಯೇ ಬೆಲೆ ಕೂಗುತ್ತಾರೆ. ಮಾದರಿ ತೋರಿಸಿ ಮಾರಿದರೆ ಮಾಲು ಮಾದರಿಯಂತಿರಬೇಕು, ವಿವರಣೆ ಕೊಟ್ಟು ಮಾರಿದರೆ ವಿವರಣೆಯಂತಿರಬೇಕು ಎಂದು 1930ರ ಸರಕು ಮಾರಾಟ ಕಾಯ್ದೆಯ 15 ಮತ್ತು 17ನೆಯ ಪ್ರಕರಣಗಳು ವಿಧಿಸುತ್ತವೆ. ಆನ್‌ಲೈನ್‌ನಲ್ಲಿ ಮಾದರಿಯ ಸ್ಥಾನದಲ್ಲಿರುವುದು ನಾವು ಹಾಕಿದ ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆ. ಬೆಳ್ಳಿಯ ಲೇಪವಿರುವುದನ್ನು ‘ಬೆಳ್ಳಿ’ ಎಂದು ಬರೆದರೆ, ಕವರಿಂಗ್ ಸರಕ್ಕೆ ಚಿನ್ನದ ಸರದ ಚಿತ್ರ ಹಾಕಿದರೆ, ನ್ಯಾಯ ಕೊಂಡವರ ಕಡೆಗೇ ಇರುತ್ತದೆ. ತೂಕವನ್ನು ಗ್ರಾಂನಲ್ಲಿ, ಉದ್ದವನ್ನು ಅಂಗುಲದಲ್ಲಿ, ಲೋಹವನ್ನು ಅದರ ನಿಜವಾದ ಹೆಸರಿನಲ್ಲಿ ಬರೆಯುವುದೇ ಮೊದಲ ರಕ್ಷಣೆ.

ಎರಡನೆಯದು ಗುರುತು. ಚಿನ್ನದ ಒಡವೆಗೆ ಕಾನೂನೇ ಗುರುತು ಕೊಟ್ಟಿದೆ. 2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಕಡೆಗಳಲ್ಲಿ ಅಕ್ಷರ ಮತ್ತು ಅಂಕಿಗಳು ಕೂಡಿದ 6 ಸ್ಥಾನಗಳ ಎಚ್‌ಯುಐಡಿ ಸಂಖ್ಯೆಯುಳ್ಳ ಹಾಲ್‌ಮಾರ್ಕ್ ಇರಬೇಕು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿಯಿದೆ. ಈ ಸಂಖ್ಯೆ ಒಂದೊಂದು ಒಡವೆಗೆ ಒಂದೊಂದು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಇದೇ ಬಗೆಯ ಸಂಖ್ಯೆ ಬಂದಿದೆ, ಆದರೆ ಅದು ಕಡ್ಡಾಯವಲ್ಲ, ಐಚ್ಛಿಕ. ನಮ್ಮ ಪ್ರಸಂಗದ ಕಾಲ್ಗೆಜ್ಜೆಗೆ ಆ ಸಂಖ್ಯೆಯಿದ್ದು, ಅದನ್ನು ಬಿಲ್ಲಿನಲ್ಲಿ ಬರೆದಿದ್ದರೆ, ವಾಪಸು ಬಂದದ್ದು ಅದಲ್ಲವೆಂದು ತೋರಿಸುವುದು ನಿಮಿಷದ ಕೆಲಸವಾಗುತ್ತಿತ್ತು. ಕವರಿಂಗ್ ಒಡವೆಗೆ ಇಂಥ ಗುರುತಿಲ್ಲ. ಅದಕ್ಕೆ ಕತ್ತರಿಸದೆ ತೆಗೆಯಲಾಗದಂತೆ ಸಂಖ್ಯೆಯುಳ್ಳ ಚಿಕ್ಕ ಚೀಟಿಯನ್ನು ಕಟ್ಟಿ, ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಬಹುದು.

ಮೂರನೆಯದು ವಿಡಿಯೊ. ಒಡವೆಯನ್ನು ತಕ್ಕಡಿಯ ಮೇಲಿಟ್ಟು ತೂಕ ತೋರಿಸಿ, ಗುರುತು ತೋರಿಸಿ, ಪೊಟ್ಟಣ ಅಂಟಿಸಿ, ಆರ್ಡರಿನ ಸಂಖ್ಯೆಯ ಚೀಟಿ ಹಚ್ಚುವವರೆಗೆ ಎಲ್ಲಿಯೂ ತುಂಡಾಗದ ಒಂದೇ ವಿಡಿಯೊ ಇರಲಿ. ವಾಪಸು ಬಂದಾಗಲೂ ಹಾಗೆಯೇ: ಅಂಟು ಬಿಚ್ಚುವ ಮೊದಲೇ ಆರಂಭಿಸಿ, ಪೊಟ್ಟಣದ ನಾಲ್ಕೂ ಬದಿ ತೋರಿಸಿ, ತೂಗಿ, ನಂತರ ಬಿಚ್ಚಬೇಕು. ಕೊಂಡವರು ಪಡೆಯಲೇ ಇಲ್ಲವೆಂದು ಮರಳಿದ ಪೊಟ್ಟಣಕ್ಕೂ ಇದೇ ಕ್ರಮ ಒಳ್ಳೆಯದು. ಈ ಕಡತಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಮೂಲವನ್ನು ಅಳಿಸಬಾರದು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರ ಬೇಕು. ಮೂಲ ಕಡತವಿದ್ದರೆ ಅದನ್ನು ಸಿದ್ಧಪಡಿಸುವುದು ಸುಲಭ.

ಸಾಕ್ಷ್ಯವಿದ್ದರೂ ಹೋಗುವುದೆಲ್ಲಿಗೆ? ಮೊದಲು ಮಾರುಕಟ್ಟೆ ಸಂಸ್ಥೆಗೆ, ಅದರ ಕರಾರಿನ ಅವಧಿಯೊಳಗೆ, ಬರಹದಲ್ಲಿ. ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಪರಿಹರಿಸಬೇಕೆಂಬ ನಿಯಮವಿದೆ. ಆದರೆ ಅದು ಗ್ರಾಹಕರ ದೂರುಗಳಿಗೆ ಹೇಳಿದ್ದು. ಮಾರಿದವರಿಗೆ ಕರಾರೇ ಗತಿ. ಮಾರಿದವರನ್ನೇ ಸಂಸ್ಥೆಯ ಸೇವೆಯ ಗ್ರಾಹಕರೆಂದು ಕರೆಯಬಾರದೇಕೆ ಎಂದು ಕೇಳುವವರಿದ್ದಾರೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡು ಬಳಸುವ ಸರಕು ‘ವಾಣಿಜ್ಯ ಉದ್ದೇಶ’ವಲ್ಲ ಎಂಬ ವಿವರಣೆಯನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ಪ್ರಕರಣದಲ್ಲಿ ವಿಸ್ತಾರವಾಗಿ ವಿವೇಚಿಸಿದೆ. ಆದರೆ 2019ರ ಕಾಯ್ದೆಯ ವಿವರಣೆ ಸರಕನ್ನು ಹೆಸರಿಸುತ್ತದೆ, ಸೇವೆಯನ್ನು ಹೆಸರಿಸುವುದಿಲ್ಲ. ಆದ್ದರಿಂದ ಆ ಒಂದೇ ವಾದವನ್ನು ನಂಬಿ ಗ್ರಾಹಕ ಆಯೋಗಕ್ಕೆ ಹೋಗುವುದು ಜಾಣತನವಲ್ಲ. ಸಿವಿಲ್ ದಾವೆಯ ದಾರಿಯಿದೆ, ಆದರೆ ಕರಾರು ದೂರದ ನಗರದ ನ್ಯಾಯಾಲಯವನ್ನು ಹೆಸರಿಸಿದ್ದರೆ ಕಾಲ್ಗೆಜ್ಜೆಯ ಬೆಲೆಗಿಂತ ಪ್ರಯಾಣದ ಖರ್ಚೇ ಹೆಚ್ಚಾದೀತು.

ಆದರೂ ಎರಡು ಬಾಗಿಲುಗಳು ಹತ್ತಿರದಲ್ಲಿವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣದ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ಸೇವೆ ಪಡೆಯುವ ಹಕ್ಕಿದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಹಾಕಬಹುದು. ಸಹಾಯವಾಣಿ ಸಂಖ್ಯೆ 15100. ಎರಡನೆಯದು ಪೊಲೀಸ್ ದೂರು. ಒಡವೆಯನ್ನು ಇಟ್ಟುಕೊಂಡು ಬೇರೊಂದನ್ನು ಹಿಂದಿರುಗಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದ ವಂಚನೆಯಾಗಬಲ್ಲದು. ದೆಹಲಿ ಪೊಲೀಸರು 2017ರಲ್ಲಿ ಒಬ್ಬ ಯುವಕನನ್ನು ಬಂಧಿಸಿದ್ದರು. ಬೆಲೆಬಾಳುವ ಮೊಬೈಲುಗಳನ್ನು ತರಿಸಿ, ಪೆಟ್ಟಿಗೆ ಖಾಲಿಯಿತ್ತೆಂದು ಹೇಳಿ ನೂರಕ್ಕೂ ಹೆಚ್ಚು ಬಾರಿ ಹಣ ವಾಪಸು ಪಡೆದನೆಂಬುದು ಆತನ ಮೇಲಿದ್ದ ಆರೋಪ. ಒಂದೊಂದಾಗಿ ನೋಡಿದರೆ ಸಣ್ಣದೆನಿಸುವ ದೂರುಗಳು ಒಟ್ಟುಗೂಡಿದಾಗಲೇ ಇಂಥ ಮೋಸದ ಜಾಡು ಸಿಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಕೊಂಡವರು ತಾವಿರುವ ಊರಿನ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಅಂಥ ನೋಟಿಸು ದೂರದ ರಾಜ್ಯದಿಂದ, ತಿಳಿಯದ ಭಾಷೆಯಲ್ಲಿ ಬಂದರೂ ಮಡಚಿಡಬಾರದು. ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದರಾಚೆಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ತೀರ್ಪಿತ್ತಿದೆ. ವಿಡಿಯೊ ಮೂಲಕ ಹಾಜರಾಗಲು ಕೋರುವ ಅವಕಾಶ ಕಾಯ್ದೆಯಲ್ಲಿಯೇ ಇದೆ.

ವಾಪಸು ಕಳುಹಿಸುವವರೆಲ್ಲ ಮೋಸಗಾರರಲ್ಲ. ಕೊಕ್ಕೆ ಮುರಿದ ಓಲೆಯನ್ನು, ಬಣ್ಣ ಬಿಟ್ಟ ಸರವನ್ನು ಮಾತಿಲ್ಲದೆ ವಾಪಸು ಪಡೆಯುವುದು ಕಾನೂನೂ ಹೌದು, ಧರ್ಮವೂ ಹೌದು. ಆ ಕೆಲಸವನ್ನು ಸರಿಯಾಗಿ ಮಾಡಿದವರ ಮಾತಿಗೆ, ಬದಲಾಗಿ ಬಂದ ಒಡವೆಯನ್ನು ಹಿಡಿದು ‘ಇದು ನನ್ನದಲ್ಲ’ ಎಂದು ಹೇಳುವ ದಿನ, ತೂಕ ಬರುತ್ತದೆ. ಉಳಿದ ತೂಕವನ್ನು ಬಿಲ್ಲು, ಗುರುತು ಮತ್ತು ವಿಡಿಯೊ ಕೊಡಬೇಕು.