ಹಳೇ ಬೊಲೆರೊಗೆ ಹೈ ಹೀಲ್ಸ್ ಯಾಕೆ?

ಬೆಂಗಳೂರಿನ ಐಟಿ ಮಂದಿಗೆ ಒಂದು ಹುಚ್ಚು ಹಿಡಿದಿದೆ. ಹತ್ತು-ಹದಿನೈದು ವರ್ಷ ಓಡಿದ ಬೊಲೆರೊನೋ ಸ್ಕಾರ್ಪಿಯೋನೋ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳೋದು. ಅದಕ್ಕೆ 31 ಇಂಚಿನ ಮಡ್ ಟೈರ್ ಹಾಕ್ಸೋದು, ಸಸ್ಪೆನ್ಷನ್ ಎರಡು-ಮೂರು ಇಂಚು ಎತ್ತಿಸೋದು, ಮೇಲೆ ಒಂದು ಎಲ್‌ಇಡಿ ಪಟ್ಟಿ ಕೂರಿಸೋದು. ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ ನಮ್ಮ ಜಿಲ್ಲೆಗೆ ಬರೋದು. ನಂದಿಬೆಟ್ಟ, ಸ್ಕಂದಗಿರಿ, ಆವಲಬೆಟ್ಟ. ಕೇಳಿದರೆ ‘ಆಫ್‌ರೋಡಿಂಗ್’.

ನಾನೂ ಟೆಕ್ ಪಾರ್ಕಿನಲ್ಲಿ ಕೂತು ಕೋಡ್ ಬರೆಯೋನೇ. ಆದರೆ ಬೆಳೆದದ್ದು ಗುಡಿಬಂಡೆ ಕಡೆಯ ಹಳ್ಳಿಯಲ್ಲಿ. ಹಾಗಾಗಿ ನೇರವಾಗಿ ಹೇಳಿಬಿಡ್ತೀನಿ: ಚಿಕ್ಕಬಳ್ಳಾಪುರದ ಯಾವ ದಾರಿಗೂ ಈ ಟೈರು, ಈ ಲಿಫ್ಟು ಬೇಕಿಲ್ಲ. ಬೇಕಿಲ್ಲದ್ದು ಸುಮ್ಮನೆ ಬಿದ್ದಿದ್ದರೆ ಪರವಾಗಿರಲಿಲ್ಲ, ಇದು ಅಪಾಯ. ಅದೂ ಗಾಡಿ ಒಳಗೆ ಕೂತವನಿಗಿಂತ ಹೊರಗಿರೋನಿಗೆ ಜಾಸ್ತಿ.

ಮೊದಲು ಲೆಕ್ಕ ನೋಡೋಣ. ಬೊಲೆರೊಗೆ ಕಂಪನಿ ಕೊಟ್ಟ ಟೈರ್ 215/75 ಆರ್15. ಅದರ ವ್ಯಾಸ ಸುಮಾರು 703 ಮಿ.ಮೀ. 31 ಇಂಚಿನ ಟೈರಿನದು 787 ಮಿ.ಮೀ. ಅಂದರೆ ಚಕ್ರ ಒಂದು ಸುತ್ತು ಸುತ್ತಿದಾಗ ಗಾಡಿ ಮೊದಲಿಗಿಂತ ಶೇ. 12ರಷ್ಟು ಹೆಚ್ಚು ದೂರ ಹೋಗುತ್ತೆ. ಪಾಪ, ಮೀಟರಿಗೆ ಇದು ಗೊತ್ತಿಲ್ಲ. ಮೊದಲು ಮೀಟರ್ ಸರಿಯಾಗಿತ್ತು ಅಂತಿಟ್ಟುಕೊಂಡರೆ, ಈಗ ಅದು 80 ತೋರಿಸುವಾಗ ನೀವು ಹೆಚ್ಚುಕಡಿಮೆ 90ರಲ್ಲಿದ್ದೀರಿ. ವೇಗ ಶೇ. 12 ಜಾಸ್ತಿ ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ಶೇ. 25 ಜಾಸ್ತಿ. ಬ್ರೇಕ್ ಮಾತ್ರ ಅದೇ ಹಳೇದು. ಚಕ್ರ ದೊಡ್ಡದಾದಷ್ಟೂ ಅದೇ ಒತ್ತಿಗೆ ನೆಲದ ಮೇಲೆ ಸಿಗೋ ಹಿಡಿತ ಕಡಿಮೆ; ಈ ಲೆಕ್ಕದಲ್ಲಿ ಸುಮಾರು ಶೇ. 11 ಕಡಿಮೆ. ಪಿಕಪ್ಪಿನದೂ ಅದೇ ಕಥೆ. ‘ಗಾಡಿ ಏರಲ್ಲಿ ಎಳೀತಿಲ್ಲ ಮಗಾ’ ಅಂತ ಆಮೇಲೆ ಗೋಳಾಡ್ತಾರೆ. ಎಳೆಯೋದು ಹೇಗೆ?

ಇನ್ನು ಲಿಫ್ಟು. ಬಹಳ ಜನ ಲಿಫ್ಟ್ ಮಾಡಿಸೋದು ಯಾಕೆ ಗೊತ್ತಾ? ದೊಡ್ಡ ಟೈರ್ ಒಳಗೆ ಕೂರಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತೆ, ಅದಕ್ಕೆ. ಮುಂದೆ ಸ್ಪ್ರಿಂಗ್ ಮೇಲೆ ಸ್ಪೇಸರ್, ಹಿಂದೆ ಪ್ಲೇಟಿನ ಕೆಳಗೆ ಬ್ಲಾಕ್. ಎತ್ತಿದ ಮೇಲೆ ಅಲೈನ್‌ಮೆಂಟ್ ಕೆಡುತ್ತೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತೆ, ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತೆ. ನಮ್ಮ ಭಾಷೆಯಲ್ಲೇ ಹೇಳ್ತೀನಿ: ಇಲ್ಲದ ಬಗ್‌ಗೆ ಒಂದು ಪ್ಯಾಚ್, ಆ ಪ್ಯಾಚ್ ಹುಟ್ಟಿಸಿದ ಬಗ್‌ಗೆ ಇನ್ನೊಂದು ಪ್ಯಾಚ್, ಟೆಸ್ಟಿಂಗ್ ಇಲ್ಲದೆ ನೇರ ಪ್ರೊಡಕ್ಷನ್. ಆಫೀಸಲ್ಲಿ ಜೂನಿಯರ್ ಯಾರಾದ್ರೂ ಹೀಗೆ ಮಾಡಿದರೆ ಕರೆದು ಬೈತೀವಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಕಾಲು ಉದ್ದ ಆದರೆ ಹೊಟ್ಟೆ ಮೇಲೆ ಹೋಗುತ್ತೆ, ಪಾದ ನೆಲದಲ್ಲೇ ಇರುತ್ತೆ. ಸಸ್ಪೆನ್ಷನ್ ಎತ್ತಿಸಿದರೆ ಮೇಲೇಳೋದು ಬಾಡಿ. ಹಿಂದಿನ ಆಕ್ಸಲ್ಲು, ಅದರ ನಡುವಿನ ಡಿಫರೆನ್ಷಿಯಲ್ ಗುಂಡು, ಇದ್ದಲ್ಲೇ ಇರುತ್ತೆ. ಕಲ್ಲಿಗೆ ತಗಲೋದು ಅದೇ. ಅದನ್ನ ಮೇಲೆತ್ತೋದು ಟೈರ್ ಮಾತ್ರ. ಈ ಲೆಕ್ಕದಲ್ಲಿ 42 ಮಿ.ಮೀ. ಬರೀ 42 ಮಿ.ಮೀ.ಗೆ ಬ್ರೇಕು, ಮೀಟರು, ಬ್ಯಾಲೆನ್ಸು ಎಲ್ಲ ಅಡ ಇಟ್ಟಿದ್ದಾಯ್ತು. ಬ್ಯಾಲೆನ್ಸ್ ಅಂದೆನಲ್ಲ, ಗಾಡಿ ಮಗುಚೋದನ್ನ ನಿರ್ಧರಿಸೋ ದೊಡ್ಡ ವಿಷಯ ಎರಡು: ಎಡ-ಬಲ ಚಕ್ರಗಳ ನಡುವಿನ ಅಗಲ, ಗುರುತ್ವ ಕೇಂದ್ರದ ಎತ್ತರ. ಅಗಲ ಹಾಗೇ ಇಟ್ಟು ಎತ್ತರ ಮಾತ್ರ ಏರಿಸಿ ನಂದಿಬೆಟ್ಟದ ತಿರುವಲ್ಲಿ ಇಳಿಯೋಕೆ ನಿಜವಾಗ್ಲೂ ಧೈರ್ಯ ಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದವರು. ಅವರ ಊರಿನ ಸೀಮೆಗೆ ಬಂದು, ಬಿಇ ಓದಿದ ನಾವು, ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ಟೈರ್ ಆರಿಸೋದು ಅಂದ್ರೆ ಏನ್ರೀ?

‘ಹಳ್ಳಿ ದಾರಿಗೆ ಬೇಕಾಗುತ್ತೆ’ ಅನ್ನೋರಿದ್ದಾರೆ. ಆ ಹಳ್ಳಿ ದಾರಿಯಲ್ಲಿ ಓಡಾಡೋದು ಯಾವ ಗಾಡಿ ಅಂತ ಒಂದ್ಸಲ ನೋಡಿ. ಚಿಂತಾಮಣಿ ಕಡೆ ತೋಟದಿಂದ ಟೊಮ್ಯಾಟೊ ಕ್ರೇಟ್ ಹೊರೋದು ಟಾಟಾ ಏಸ್, 12 ಇಂಚಿನ ರಿಮ್ಮಿನ ಗಾಡಿ. ಶಿಡ್ಲಘಟ್ಟ ಮಾರ್ಕೆಟ್ಟಿಗೆ ರೇಷ್ಮೆಗೂಡು ಬರೋದು ಆಟೋದಲ್ಲಿ, ಪಿಕಪ್‌ನಲ್ಲಿ. ಅವರ್ಯಾರೂ ಲಿಫ್ಟ್ ಮಾಡಿಸಿಲ್ಲ. ದಾರಿ ಗೊತ್ತು, ಎಲ್ಲಿ ಚಕ್ರ ಇಡಬೇಕು ಅಂತ ಗೊತ್ತು, ಮಳೆ ಬಂದ ದಿನ ಹೋಗಬಾರದು ಅಂತಲೂ ಗೊತ್ತು. ಮಡ್ ಟೈರ್ ಇರೋದು ಆಳದ ಕೆಸರಿಗೆ. ನಮ್ಮದು ಮಳೆ ಕಮ್ಮಿ ಇರೋ ಸೀಮೆ. ಕೆಂಪು ಮಣ್ಣು, ಬಂಡೆ, ಜಲ್ಲಿ. ಅದೇ ಮಡ್ ಟೈರು ಒದ್ದೆ ಡಾಂಬರಿನ ಮೇಲೆ ಮಾಮೂಲಿ ಟೈರಿನಷ್ಟು ಹಿಡಿಯಲ್ಲ. ಬೆಂಗಳೂರಿಂದ ಇಲ್ಲಿಗೆ ಬರೋ ದಾರಿಯೆಲ್ಲ ಡಾಂಬರೇ ತಾನೇ?

ದೊಡ್ಡ ಟೈರಿಗೂ ಒಂದು ಊರಿದೆ, ಐಸ್‌ಲ್ಯಾಂಡ್. ಅಲ್ಲಿ ಹಿಮದ ಮೇಲೆ ಹೂತುಹೋಗದೆ ತೇಲೋಕೆ 38 ಇಂಚಿನ ಟೈರ್ ಹಾಕಿ ಗಾಳಿ ತೀರಾ ಇಳಿಸಿ ಓಡಿಸ್ತಾರೆ. ಅದಕ್ಕೆ ತಕ್ಕಂತೆ ಗೇರ್ ಅನುಪಾತ ಬದಲಾಯಿಸ್ತಾರೆ, ಬದಲಾಯಿಸಿದ ಗಾಡಿಯನ್ನ ತಪಾಸಣೆಗೂ ಒಡ್ಡಬೇಕು. ಅವರಿಗೆ ಹಿಮ ಇದೆ, ನಿಯಮ ಇದೆ. ನಮಗೆ ಇನ್‌ಸ್ಟಾ ಇದೆ.

ಈಗ ಹೊರಗಿರೋನ ವಿಷಯ. ನೀವು ಸನ್‌ರೈಸ್ ನೋಡೋಕೆ ಓಡಿ ಬರೋ ಹೊತ್ತಲ್ಲೇ ನಮ್ಮೂರ ರೈತ ಟಿವಿಎಸ್ ಎಕ್ಸೆಲ್ ಮೇಲೆ ಹೂವಿನ ಮೂಟೆ ಇಟ್ಟುಕೊಂಡು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೊರಟಿರ್ತಾನೆ. ಗಾಡಿ ಎತ್ತರ ಆದಾಗ ಹೆಡ್‌ಲೈಟೂ ಎತ್ತರ ಆಗುತ್ತೆ. ನೆಲ ನೋಡಬೇಕಿದ್ದ ಬೆಳಕು ಅವನ ಕಣ್ಣಿಗೆ ಹೊಡೆಯುತ್ತೆ. ಎರಡು ಕ್ಷಣ ಕುರುಡು. ರಸ್ತೆ ಬದಿಯಲ್ಲಿ ಏನಿದೆ, ಗುಂಡಿನೋ ಹಸುನೋ, ಅವನಿಗೆ ಕಾಣಲ್ಲ. ಬಂಪರ್ ಎತ್ತರ ಆದಾಗ ಡಿಕ್ಕಿ ತಗಲೋ ಜಾಗವೂ ಮೇಲಕ್ಕೆ ಹೋಗುತ್ತೆ. ಬಾನೆಟ್ಟಿನ ಮುಂದೆ ನಿಂತ ಮಗು ನಿಮಗೆ ಇನ್ನೂ ಕಡಿಮೆ ಕಾಣುತ್ತೆ. ‘ನನ್ನ ಗಾಡಿ, ನನ್ನ ದುಡ್ಡು’ ಅನ್ನೋ ವಾದ ಇಲ್ಲಿಗೆ ಮುಗೀತು. ಗಾಡಿ ನಿಮ್ಮದು ಸ್ವಾಮಿ, ರಸ್ತೆ ಅವನದೂ ಹೌದು.

ಇನ್ನು ಆ ‘ಆಫ್‌ರೋಡ್’ ಅನ್ನೋ ಪದ. ನಮ್ಮ ಜಿಲ್ಲೆಯಲ್ಲಿ ಆಫ್‌ರೋಡ್ ಅಂತ ಏನೂ ಇಲ್ಲ. ನಿಮಗೆ ಟ್ರ್ಯಾಕ್ ಥರ ಕಾಣೋದು ಬಂಡಿದಾರಿ, ಎಷ್ಟೋ ಕಡೆ ಹಳ್ಳಿಯ ನಕಾಶೆಯಲ್ಲಿ ಗೆರೆ ಎಳೆದಿರೋ ದಾರಿ. ಬಯಲು ಅಂದುಕೊಂಡದ್ದು ಕುರಿ ಮೇಯೋ ಗೋಮಾಳ. ಖಾಲಿ ಅಂದುಕೊಂಡದ್ದು ಕೆರೆ ಅಂಗಳ. ಜೀವನದಿ ಇಲ್ಲದ ಸೀಮೆ ನಮ್ಮದು, ಕೆರೆಯೇ ಗತಿ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡ್ತಾರೆ. ನೀವು ಸ್ನಾನ ಮಾಡಿದ ನೀರೇ ನಮ್ಮ ಬೋರ್‌ವೆಲ್ಲಿಗೆ ಬರುತ್ತೆ, ಅದನ್ನೂ ಒಪ್ಪಿಕೊಂಡಿದ್ದೀವಿ. ಆ ಕೆರೆಯ ಏರಿಯನ್ನ ಮಡ್ ಟೈರಲ್ಲಿ ಅಗೆದು ವಿಡಿಯೋ ಮಾಡೋದನ್ನೂ ಒಪ್ಪಬೇಕಾ?

ಕಾನೂನು ಬೇಕಾದರೆ ಅದೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ ನವೀಕರಿಸೋಕೆ ಹೇಗೂ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು.

ಹಳೇ ಗಾಡಿ ಮೇಲಿನ ಪ್ರೀತಿಗೆ ನನ್ನ ತಕರಾರಿಲ್ಲ. ಪ್ರೀತಿ ಇದ್ದರೆ ಆ ದುಡ್ಡಲ್ಲಿ ಮೊದಲು ಸವೆದ ಬುಶ್ ಬದಲಾಯಿಸಿ. ಸೋತ ಶಾಕ್ ಅಬ್ಸಾರ್ಬರ್, ಕುಗ್ಗಿದ ಪ್ಲೇಟು, ಬ್ರೇಕ್ ಹೋಸ್ ಹೊಸದು ಹಾಕಿಸಿ. ಕುಗ್ಗಿ ಕೂತ ಗಾಡಿ ಇಷ್ಟಕ್ಕೇ ಕಳೆದುಕೊಂಡ ಎತ್ತರ ವಾಪಸ್ ಪಡೆಯುತ್ತೆ. ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೇ ಆಲ್ ಟೆರೇನ್ ಟೈರ್ ಹಾಕಿಸಿ. ಮರಳೋ ಕೆಸರೋ ಸಿಕ್ಕರೆ ಗಾಳಿಯನ್ನ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟೈರ್ ಹರಡಿಕೊಂಡು ಹಿಡಿತ ತಾನೇ ಬರುತ್ತೆ. ಡಾಂಬರಿಗೆ ಹತ್ತೋ ಮುಂಚೆ ಮತ್ತೆ ತುಂಬಿಸಿ. ಒಂದು ಪುಟ್ಟ ಕಂಪ್ರೆಸರ್, ಒಂದು ಗಟ್ಟಿ ಹಗ್ಗ ಇಟ್ಟುಕೊಳ್ಳಿ, ಸಾಕು. ಹೊಲ ಇದ್ದರೆ ಹೊಲದವರನ್ನ ಕೇಳಿ ಇಳಿಸಿ. ನಮ್ಮ ಕಡೆ ಜನ ಕೇಳಿದರೆ ಬೇಡ ಅನ್ನೋದು ಕಮ್ಮಿ. ದಾರಿನೂ ತೋರಿಸ್ತಾರೆ, ಸಿಕ್ಕಿಹಾಕಿಕೊಂಡರೆ ಟ್ರ್ಯಾಕ್ಟರ್ ತಂದು ಎಳೆದೂ ಹಾಕ್ತಾರೆ.