ಡೀಸೆಲ್ ನಂಬಿ ಒಂದು ತಿಂಗಳು

ಉಕ್ರೇನಿನ ಝಪೊರೀಝಿಯಾ ಅಣು ವಿದ್ಯುತ್ ಸ್ಥಾವರಕ್ಕೆ 2025ರ ಸೆಪ್ಟೆಂಬರ್ 23ರಂದು ಕಡಿದುಹೋದ ಹೊರಗಿನ ವಿದ್ಯುತ್ ಸಂಪರ್ಕ ಮರಳಿ ಸಿಕ್ಕಿದ್ದು ಒಂದು ತಿಂಗಳ ನಂತರ. ರಷ್ಯಾ ಸೇನೆಯ ವಶದಲ್ಲಿರುವ ಈ ಸ್ಥಾವರದ ಆರೂ ರಿಯಾಕ್ಟರುಗಳು ಸ್ಥಗಿತಗೊಂಡಿವೆ, ನಿಜ. ಆದರೆ ರಿಯಾಕ್ಟರ್ ನಿಲ್ಲಿಸಿದ ಮಾತ್ರಕ್ಕೆ ಇಂಧನ ತಣ್ಣಗಾಗುವುದಿಲ್ಲ. ವರ್ಷಗಟ್ಟಲೆ ಅದಕ್ಕೆ ನೀರು ಹರಿಯುತ್ತಲೇ ಇರಬೇಕು. ಆ ನೀರು ಹರಿಸುವ ಪಂಪುಗಳನ್ನು ತಿಂಗಳಿಡೀ ನಡೆಸಿದ್ದು ತುರ್ತಿಗೆಂದು ಇಟ್ಟಿದ್ದ ಡೀಸೆಲ್ ಜನರೇಟರುಗಳು. 2011ರಲ್ಲಿ ಫುಕುಶಿಮಾದಲ್ಲಿ ಸುನಾಮಿ ನೀರು ನುಗ್ಗಿ ಇಂಥವೇ ಯಂತ್ರಗಳು ಕೆಟ್ಟು ನಿಂತಾಗ ಮೂರು ರಿಯಾಕ್ಟರುಗಳ ಇಂಧನ ಕರಗಿಹೋಗಿತ್ತು.

ನಮಗೂ ಇದು ಹೊಸ ಪಾಠವಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದ ಟರ್ಬೈನ್ ಕಟ್ಟಡಕ್ಕೆ ಬೆಂಕಿ ಬಿದ್ದು ಕೇಬಲುಗಳು ಸುಟ್ಟವು; ಒಂದು ಘಟಕ ಸುಮಾರು 17 ಗಂಟೆ ವಿದ್ಯುತ್ತಿಲ್ಲದೆ ಉಳಿಯಿತು. ಅಂದು ಕೈಹಿಡಿದದ್ದು ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪಿನ ನೀರು. ಇಂಥ ತುರ್ತು ಯಂತ್ರಗಳು ಬೇಕಾದಾಗ ಕೈಕೊಡಬಾರದೆಂದರೆ, ಆಗಾಗ ಎಂಜಿನ್ ಚಾಲೂ ಮಾಡಿ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ನಿರ್ವಹಣೆ ಆಗುವುದಿಲ್ಲ. ಪೂರ್ಣ ಲೋಡ್ ಕೊಟ್ಟು ಗಂಟೆಗಟ್ಟಲೆ ಓಡಿಸಬೇಕು, ಟ್ಯಾಂಕಿನ ತಳದಲ್ಲಿ ಕೂಡುವ ನೀರು, ಕೆಸರು ತೆಗೆಯಬೇಕು, ಕೇಬಲ್ ಹಾದಿಯನ್ನೂ ತಪಾಸಣೆ ಮಾಡಬೇಕು. ಈ ಎಚ್ಚರ ಮುಂದೆ ಇನ್ನಷ್ಟು ಬೇಕು: ನಮ್ಮ ಕೈಗಾ ಅಣು ಸ್ಥಾವರದಲ್ಲಿ ಈಗಿರುವ ನಾಲ್ಕು ಘಟಕಗಳ ಜತೆಗೆ ತಲಾ 700 ಮೆಗಾವಾಟಿನ ಇನ್ನೆರಡು ಬರಲಿವೆ. ದೇಶದ ಪ್ರತಿ ಸ್ಥಾವರದ ಜನರೇಟರುಗಳ ಪರೀಕ್ಷಾ ಫಲಿತಾಂಶವನ್ನು, ಎಷ್ಟು ಬಾರಿ ಚಾಲೂ ಆಗಲಿಲ್ಲ ಎಂಬುದೂ ಸೇರಿದಂತೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಬೇಕು. ಗೋಪ್ಯತೆಯ ನೆಪ ಇದಕ್ಕೆ ಅಡ್ಡ ಬರಕೂಡದು.