ಅಜ್ಜಿ ಕೇಳಿದ ಸದ್ದನ್ನು ಯಾರು ಬರೆದುಕೊಂಡರು?

ನಮ್ಮ ಮನೆ ಇರೋದು ರಾಜರಾಜೇಶ್ವರಿನಗರದಲ್ಲಿ. 2021ರ ನವೆಂಬರ್ 26, ಮಧ್ಯಾಹ್ನ ಹನ್ನೆರಡರ ಆಸುಪಾಸು ನಮ್ಮ ಏರಿಯಾ, ಕೆಂಗೇರಿ, ಹೆಮ್ಮಿಗೆಪುರ, ಕಗ್ಗಲೀಪುರದ ಕಡೆ ದೊಡ್ಡದೊಂದು ಸದ್ದು ಕೇಳಿಸ್ತು. ಕಿಟಕಿಗಳು ಅದುರಿದವು. ನಾನಾಗ ಹೈಸ್ಕೂಲು, ಮನೇಲಿ ಇದ್ದಿದ್ದು ಅಜ್ಜಿ ಒಬ್ಬರೇ. ಸಂಜೆ ನಾನು ಬಂದ ತಕ್ಷಣ, "ಆಕಾಶದಲ್ಲಿ ಢಂ ಢಂ ಅಂತ ಬೆನ್ನುಬೆನ್ನಿಗೆ ಎರಡು ಸಲ ಆಯ್ತು ಕಣೋ" ಅಂದ್ರು. "ಏಲಿಯನ್ ಬಂದಿರ್ಬೇಕು ಬಿಡಜ್ಜಿ" ಅಂತ ನಕ್ಕು ಫೋನ್ ಹಿಡ್ಕೊಂಡು ಕೂತೆ.

ಭೂಕಂಪ ಮಾಪಕಗಳಲ್ಲಿ ಕಂಪನದ ಗುರುತು ಇಲ್ಲ ಅಂತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಸರಿ, ಭೂಕಂಪ ಅಲ್ಲ. ಹಾಗಾದ್ರೆ ಏನು? ಆ ಪ್ರಶ್ನೆಯನ್ನ ನಮ್ಮ ಬೀದಿ ಎರಡೇ ದಿನದಲ್ಲಿ ಮರೆತುಬಿಡ್ತು. ನಾನೂ ಮರೆತೆ.

ಇದಕ್ಕಿಂತ ಮೊದಲು, 2020ರ ಮೇ 20ರಂದು, ಲಾಕ್‌ಡೌನ್ ಟೈಮಲ್ಲಿ ಇಡೀ ಬೆಂಗಳೂರಿಗೇ ಇಂಥ ಸದ್ದು ಕೇಳಿತ್ತು. ಆಗ ರಕ್ಷಣಾ ಇಲಾಖೆ ಅದೇ ದಿನ ಉತ್ತರ ಕೊಟ್ಟಿತು: ವಾಯುಪಡೆಯ ಪರೀಕ್ಷಾ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆದ ಸೋನಿಕ್ ಬೂಮ್ ಇರಬಹುದು, ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಆ ಸದ್ದು ಕೇಳಿಸುತ್ತೆ. ಇಷ್ಟು ಹೇಳಿದ್ದರಿಂದ ದೇಶದ ಯಾವ ಗುಟ್ಟೂ ಬಯಲಾಗಲಿಲ್ಲ, ಜನರ ಭಯ ಮಾತ್ರ ಹೋಯ್ತು.

ಸೈನ್ಯ ಮನಸ್ಸು ಮಾಡಿದರೆ ಎಷ್ಟು ಚೆನ್ನಾಗಿ ತನಿಖೆ ಮಾಡಬಹುದು ಅನ್ನೋದಕ್ಕೆ ಲಡಾಖ್ ಉದಾಹರಣೆ ಇದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಗಡಿಯ ಸರೋವರದ ಮೇಲೆ ಬೆಳಗುವ ವಸ್ತುಗಳು ಕಂಡವು ಅಂತ ನಮ್ಮ ಸೇನೆ 329 ಸಲ ದಾಖಲೆ ಮಾಡಿತು. ಚೀನಾದ ಡ್ರೋನ್ ಇರಬಹುದು ಅನ್ನೋ ಅನುಮಾನ. ಕೊನೆಗೆ ಕೇಳಿದ್ದು ಯಾರನ್ನ ಗೊತ್ತಾ? ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯನ್ನ. ಅವರ ಉತ್ತರ: ಅದು ಗುರು ಮತ್ತು ಶುಕ್ರ ಗ್ರಹ!

ಇದನ್ನ ಓದಿ ನಾವು ನಗಬಹುದು. ಆದ್ರೆ ಯೋಚ್ನೆ ಮಾಡಿ, ಸೈನಿಕರು ಕಂಡದ್ದನ್ನ ಕಂಡಹಾಗೆ ಬರೆದಿಟ್ಟಿದ್ದರಿಂದಲೇ ಅಲ್ವಾ ವಿಜ್ಞಾನಿಗಳಿಗೆ ಅದನ್ನ ಆಕಾಶದ ಜೊತೆ ಹೋಲಿಸಿ ನೋಡೋಕೆ ಆಗಿದ್ದು?

ಇದಕ್ಕೆ ಉಲ್ಟಾ ಅಮೆರಿಕದ ಕಥೆ. ಅಲ್ಲಿನ ವಾಯುಪಡೆ ಪ್ರಾಜೆಕ್ಟ್ ಬ್ಲೂ ಬುಕ್ ಹೆಸರಲ್ಲಿ 1952ರಿಂದ 1969ರವರೆಗೆ ಜನರ ಯುಎಫ್‌ಒ ವರದಿಗಳನ್ನ ತನಿಖೆ ಮಾಡಿತು. ಒಟ್ಟು 12,618 ವರದಿಗಳಲ್ಲಿ 701 ಮಾತ್ರ ಗುರುತು ಸಿಗದೆ ಉಳಿದವು. ಲೆಕ್ಕ ಚೆನ್ನಾಗೇ ಇದೆ. ಆದ್ರೆ 1966ರಲ್ಲಿ ಮಿಷಿಗನ್‌ನಲ್ಲಿ ಜನ ಕಂಡ ಬೆಳಕಿಗೆ ಸಲಹೆಗಾರ ಖಗೋಳ ವಿಜ್ಞಾನಿ ಹೈನೆಕ್ 'ಜೌಗುನೆಲದ ಗ್ಯಾಸ್' ಅನ್ನೋ ಕಾರಣ ಕೊಟ್ಟರು. ತಮ್ಮನ್ನ ಪೆದ್ದರು ಅಂದ್ಕೊಂಡಿದ್ದಾರೆ ಅಂತ ಜನ ಸಿಟ್ಟಾದರು. ಒಂದ್ಸಲ ನಂಬಿಕೆ ಹೋದರೆ ಆಮೇಲೆ ಸರಿಯಾದ ಉತ್ತರವನ್ನೂ ಯಾರೂ ನಂಬಲ್ಲ. ಹೈನೆಕ್ ಅವರೇ ಮುಂದೆ ಬ್ಲೂ ಬುಕ್‌ನ ಟೀಕಾಕಾರರಾದರು.

ನನ್ನ ಅಭಿಪ್ರಾಯ ಇಷ್ಟೇ. 'ಗುರುತಿಸಲಾಗದ' ಅಂದ್ರೆ 'ಬೇರೆ ಗ್ರಹದ್ದು' ಅಂತಲ್ಲ, ಮಾಹಿತಿ ಸಾಲದು ಅಂತ. ಆ ಮಾಹಿತಿ ಇರೋದು ಕಂಡವರ, ಕೇಳಿದವರ ಹತ್ತಿರ. ಅವರನ್ನ ನೋಡಿ ನಕ್ಕರೆ ಮಾಹಿತಿ ಅಲ್ಲೇ ಸಾಯುತ್ತೆ. ಸೈನ್ಯ ಎಲ್ಲವನ್ನೂ ಹೇಳಬೇಕಿಲ್ಲ, 2020ರಲ್ಲಿ ಹೇಳಿದಷ್ಟು ಪ್ರತಿ ಸಲ ಹೇಳಿದರೆ ಸಾಕು. ನಾವೂ ಸುಮ್ನೆ ಕೂರಬೇಕಿಲ್ಲ. 80 ಕಿ.ಮೀ. ದೂರದ ಸದ್ದು ನಮ್ಮನ್ನ ಮುಟ್ಟೋಕೆ ಸುಮಾರು ನಾಲ್ಕು ನಿಮಿಷ ಬೇಕು. ಕೆಂಗೇರಿಯಲ್ಲಿ ಒಬ್ಬ, ಕಗ್ಗಲೀಪುರದಲ್ಲಿ ಒಬ್ಬಳು, ಇಲ್ಲಿ ಒಬ್ಬ ಸದ್ದು ಕೇಳಿದ ಸೆಕೆಂಡನ್ನ ಸರಿಯಾಗಿ ಬರೆದಿಟ್ಟರೆ ಅದು ಯಾವ ದಿಕ್ಕಿಂದ ಬಂತು ಅಂತ ಲೆಕ್ಕ ಹಾಕಬಹುದು. ನಾವು ಎಂಜಿನಿಯರಿಂಗ್ ಓದ್ತಿರೋದು ಮತ್ಯಾಕೆ?

ಇತ್ತೀಚೆಗೆ ಒಂದು ವಿಷಯ ಓದಿದೆ. ವಿಮಾನದ ಮೂತಿಯಿಂದ ಒಂದು, ಬಾಲದಿಂದ ಒಂದು ಆಘಾತ ತರಂಗ ಬರೋದ್ರಿಂದ ಸೋನಿಕ್ ಬೂಮ್ ಬಹಳ ಸಲ ಜೋಡಿ ಸದ್ದಾಗಿ ಕೇಳಿಸುತ್ತಂತೆ. ಓಡಿಹೋಗಿ ಅಜ್ಜಿಯನ್ನ ಕೇಳಿದೆ, "ಅವತ್ತು ಎರಡು ಸಲ ಅಂದಿದ್ರಲ್ಲ?"

"ಅಂದಿದ್ನಾ? ನೆನಪಿಲ್ಲ ಕಣೋ" ಅಂದ್ರು.